ಬಾಯಿಬಿಟ್ಟು ಹೇಳಬೇಕಾದ ಕಾಯಿಲೆ
ಮೂತ್ರಪಿಂಡದ ರೋಗ ಮತ್ತು ಪುರುಷರ ನಿಮಿರು ದೌರ್ಬಲ್ಯ



ಮೂತ್ರಪಿಂಡದ ಚಿತ್ರವನ್ನು ನೀವೆಲ್ಲ ಒಮ್ಮೆಯಾದರೂ ಬರೆದಿರುತ್ತೀರಿ. ನೆಫ್ರಾನಿನ ಭಾಗಗಳನ್ನು ಗುರುತಿಸಿ ಅಂಕ ಗಳಿಸಿರುತ್ತೀರಿ. ಆದರೆ ಆ ಮೂತ್ರಪಿಂಡ ಕೆಟ್ಟಾಗ ಒಂದು ಮನೆಯಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ಪಠ್ಯಪುಸ್ತಕ ಪೂರ್ತಿಯಾಗಿ ಹೇಳುವುದಿಲ್ಲ. ಅದರಲ್ಲಿ ಒಂದು ಸಂಗತಿಯನ್ನಂತೂ ಮನೆಯವರು ಮನೆಯಲ್ಲೂ ಹೇಳುವುದಿಲ್ಲ, ಆಸ್ಪತ್ರೆಯಲ್ಲೂ ಹೇಳುವುದಿಲ್ಲ. ಇಂದು ಆ ಸಂಗತಿಯನ್ನು ಕುರಿತು ಸಂಕೋಚವಿಲ್ಲದೆ, ಆದರೆ ಗೌರವದಿಂದ ತಿಳಿದುಕೊಳ್ಳೋಣ.

ಹಳ್ಳಿಯೊಂದರಲ್ಲಿ 45 ವರ್ಷದ ಗೃಹಸ್ಥರೊಬ್ಬರು ಇದ್ದಾರೆಂದು ಭಾವಿಸೋಣ. ಹತ್ತು ವರ್ಷಗಳಿಂದ ಅವರಿಗೆ ಸಕ್ಕರೆ ಕಾಯಿಲೆ, ಜೊತೆಗೆ ರಕ್ತದೊತ್ತಡ. ಮೂತ್ರಪಿಂಡಗಳು ಅರ್ಧಕ್ಕರ್ಧ ಶಕ್ತಿ ಕಳೆದುಕೊಂಡಿವೆ ಎಂದು ವೈದ್ಯರು ಹೇಳಿದ್ದಾರೆ. ಕೆಲವು ತಿಂಗಳಿಂದ ದಾಂಪತ್ಯ ಜೀವನದಲ್ಲಿ ಅವರಿಗೆ ತೊಂದರೆ ಕಾಣಿಸಿದೆ. ಹೆಂಡತಿಗೆ ಹೇಳಲು ನಾಚಿಕೆ, ವೈದ್ಯರಿಗೆ ಹೇಳಲು ಇನ್ನೂ ನಾಚಿಕೆ. "ಇದೆಲ್ಲಾ ಬಿ.ಪಿ. ಮಾತ್ರೆಯಿಂದ ಆಗಿರೋದು" ಎಂದು ಯಾರೋ ಅಂದರು. ಇವರು ಮಾತ್ರೆ ನಿಲ್ಲಿಸಿದರು. ಬಸ್ ನಿಲ್ದಾಣದ ಗೋಡೆಯ ಮೇಲೆ ಕಂಡ ವಿಳಾಸಕ್ಕೆ ಹೋಗಿ ಒಂದು ಪೊಟ್ಟಣ ಪುಡಿ ತಂದರು. ಕೆಲವು ತಿಂಗಳ ನಂತರ ಕಾಲು ಊದಿ, ಉಸಿರು ಕಟ್ಟಿ ಆಸ್ಪತ್ರೆ ಸೇರಿದಾಗ ಡಯಾಲಿಸಿಸ್ ಬಿಟ್ಟರೆ ಬೇರೆ ದಾರಿ ಉಳಿದಿರಲಿಲ್ಲ.

ಇದು ಕಲ್ಪಿಸಿದ ಉದಾಹರಣೆ. ಆದರೆ ಇದರ ಒಂದೊಂದು ಹೆಜ್ಜೆಯೂ ನಮ್ಮ ಸುತ್ತ ನಡೆಯುವಂಥದ್ದೇ. ಇಲ್ಲಿ ಮೂತ್ರಪಿಂಡಗಳನ್ನು ಕಳೆದದ್ದು ರೋಗ ಮಾತ್ರವಲ್ಲ, ಮೌನವೂ ಹೌದು.

ಮೂತ್ರಪಿಂಡದ ಕೆಲಸವೇನು?

ಮೂತ್ರ ತಯಾರಿಸುವುದಷ್ಟೇ ಮೂತ್ರಪಿಂಡದ ಕೆಲಸವೆಂದು ನಾವು ತಿಳಿದಿರುತ್ತೇವೆ. ಒಂದೊಂದು ಮೂತ್ರಪಿಂಡದಲ್ಲಿ ಸುಮಾರು 10 ಲಕ್ಷ ನೆಫ್ರಾನುಗಳಿವೆ. ಹೃದಯ ಹೊರಕ್ಕೆ ತಳ್ಳುವ ರಕ್ತದ ಸುಮಾರು ಐದನೆಯ ಒಂದು ಭಾಗ ಇವುಗಳಿಗೆ ಬರುತ್ತದೆ. ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ, ಅದರಲ್ಲಿ ಬಹುಪಾಲನ್ನು ಮತ್ತೆ ರಕ್ತಕ್ಕೆ ಸೇರಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಹಾಕುತ್ತವೆ.

ಇಷ್ಟೇ ಅಲ್ಲ. ರಕ್ತದೊತ್ತಡವನ್ನು ಹತೋಟಿಯಲ್ಲಿಡುವುದು, ಕೆಂಪು ರಕ್ತಕಣಗಳನ್ನು ಹುಟ್ಟಿಸುವಂತೆ ಮೂಳೆಮಜ್ಜೆಗೆ ಸೂಚನೆ ಕೊಡುವ ಎರಿಥ್ರೊಪೊಯೆಟಿನ್ ಹಾರ್ಮೋನನ್ನು ತಯಾರಿಸುವುದು, ಡಿ ಜೀವಸತ್ವವನ್ನು ದೇಹಕ್ಕೆ ಉಪಯೋಗವಾಗುವ ರೂಪಕ್ಕೆ ತರುವುದು, ಬಳಸಿ ಮುಗಿದ ಕೆಲವು ಹಾರ್ಮೋನುಗಳನ್ನು ರಕ್ತದಿಂದ ತೆಗೆಯುವುದು, ಇವೂ ಅದರ ಕೆಲಸಗಳೇ. ಹಾಗಾಗಿ ಮೂತ್ರಪಿಂಡ ಸೋತರೆ ದೇಹದ ಒಂದು ಮೂಲೆ ಮಾತ್ರ ಸೋಲುವುದಿಲ್ಲ. ತೊಂದರೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿದರೆ ಅದನ್ನು ದೀರ್ಘಕಾಲದ ಮೂತ್ರಪಿಂಡ ರೋಗ ಎನ್ನುತ್ತಾರೆ. ಇದಕ್ಕೆ ಐದು ಹಂತಗಳಿವೆ. ಐದನೆಯ ಹಂತದಲ್ಲಿ ಡಯಾಲಿಸಿಸ್ ಅಥವಾ ಮೂತ್ರಪಿಂಡ ಕಸಿ ಬೇಕಾಗಬಹುದು.

ನಿಮಿರುವಿಕೆ ಹೇಗೆ ಆಗುತ್ತದೆ?

ಪುರುಷ ಜನನಾಂಗದ ಒಳಗೆ ಸ್ಪಂಜಿನಂಥ ಅಂಗಾಂಶವಿದೆ. ಮೆದುಳಿನಿಂದ ಸೂಚನೆ ಹೊರಟು ಬೆನ್ನುಹುರಿಯ ಮೂಲಕ ನರಗಳಿಗೆ ತಲುಪುತ್ತದೆ. ನರದ ತುದಿಗಳು ಮತ್ತು ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುಗಡೆ ಮಾಡುತ್ತವೆ. ಅದರ ಪ್ರಭಾವದಿಂದ ನಾಳಗಳ ಸ್ನಾಯುಗಳು ಸಡಿಲಗೊಂಡು ರಕ್ತ ಒಳಗೆ ಹರಿಯುತ್ತದೆ. ತುಂಬಿದ ಅಂಗಾಂಶದ ಒತ್ತಡಕ್ಕೆ ಹೊರಹೋಗುವ ನಾಳಗಳು ಮುಚ್ಚಿಕೊಳ್ಳುತ್ತವೆ. ಗದ್ದೆಗೆ ನೀರು ಬರುವ ತೂಬನ್ನು ತೆರೆದು, ಹೊರಹೋಗುವ ಬಾಯಿಯನ್ನು ಮುಚ್ಚಿದಂತೆ.

ರಕ್ತನಾಳಗಳು ಸಂಕೇತ ಕಳುಹಿಸಲು ಈ ಅನಿಲವನ್ನು ಬಳಸುತ್ತವೆ ಎಂಬುದನ್ನು ಬೆಳಕಿಗೆ ತಂದ ರಾಬರ್ಟ್ ಫರ್ಚ್‌ಗಾಟ್, ಲೂಯಿ ಇಗ್ನಾರೊ ಮತ್ತು ಫೆರಿದ್ ಮುರಾದ್ ಅವರಿಗೆ 1998ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದಿತು.

ಅಂದರೆ ನಾಲ್ಕು ಸಂಗತಿಗಳು ಸರಿಯಾಗಿರಬೇಕು: ಮನಸ್ಸು, ನರ, ರಕ್ತನಾಳ ಮತ್ತು ಹಾರ್ಮೋನು. ಇವುಗಳಲ್ಲಿ ಯಾವುದು ಏರುಪೇರಾದರೂ ತೊಂದರೆ ಬರಬಹುದು. ಎಂದೋ ಒಂದು ದಿನದ ತೊಂದರೆ ರೋಗವಲ್ಲ. ತಿಂಗಳುಗಟ್ಟಲೆ ಮುಂದುವರಿದಾಗ ಅದನ್ನು ನಿಮಿರು ದೌರ್ಬಲ್ಯ ಎಂದು ಕರೆಯುತ್ತಾರೆ.

ಮೂತ್ರಪಿಂಡಕ್ಕೂ ಇದಕ್ಕೂ ಏನು ಸಂಬಂಧ?

ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವ ಪುರುಷರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಈ ತೊಂದರೆ ಇರುತ್ತದೆ. ಕಾರಣ ಸ್ಪಷ್ಟ. ಮೂತ್ರಪಿಂಡ ರೋಗ ಆ ನಾಲ್ಕನ್ನೂ ಮುಟ್ಟುತ್ತದೆ.

ಮೊದಲನೆಯದು ರಕ್ತನಾಳ. ಮೂತ್ರಪಿಂಡಗಳನ್ನು ಕೆಡಿಸುವ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡಗಳೇ ದೇಹದ ಎಲ್ಲ ನಾಳಗಳನ್ನೂ ಪೆಡಸುಗೊಳಿಸುತ್ತವೆ. ಮೂತ್ರಪಿಂಡ ಹೊರಹಾಕಬೇಕಾದ ಕೆಲವು ತ್ಯಾಜ್ಯಗಳು ರಕ್ತದಲ್ಲೇ ಉಳಿದು ನೈಟ್ರಿಕ್ ಆಕ್ಸೈಡಿನ ತಯಾರಿಕೆಗೂ ಅಡ್ಡಿ ಮಾಡುತ್ತವೆ.

ಎರಡನೆಯದು ನರ. ಸಕ್ಕರೆ ಕಾಯಿಲೆ ಮತ್ತು ರಕ್ತದಲ್ಲಿ ಸೇರಿಕೊಂಡ ತ್ಯಾಜ್ಯ, ಎರಡೂ ನರಗಳನ್ನು ದುರ್ಬಲಗೊಳಿಸುತ್ತವೆ. ಅಂಗಾಲು ಜೋಮು ಹಿಡಿಯುವುದೂ ಇದೇ ಕಾರಣಕ್ಕೆ.

ಮೂರನೆಯದು ಹಾರ್ಮೋನು. ಈ ರೋಗಿಗಳಲ್ಲಿ ಹಲವರಿಗೆ ಪುರುಷ ಹಾರ್ಮೋನಾದ ಟೆಸ್ಟೊಸ್ಟೆರಾನ್ ಕಡಿಮೆಯಾಗಿರುತ್ತದೆ. ಮೂತ್ರಪಿಂಡ ತೆಗೆದುಹಾಕಬೇಕಾದ ಪ್ರೊಲ್ಯಾಕ್ಟಿನ್ ಹಾರ್ಮೋನು ರಕ್ತದಲ್ಲಿ ಹೆಚ್ಚಾಗುತ್ತದೆ. ಎರಿಥ್ರೊಪೊಯೆಟಿನ್ ಸಾಲದೆ ರಕ್ತಹೀನತೆ ಉಂಟಾಗಿ ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲೇ ಸುಸ್ತಾಗುತ್ತದೆ.

ನಾಲ್ಕನೆಯದು ಮನಸ್ಸು. ವಾರಕ್ಕೆ ಎರಡು ಮೂರು ದಿನ, ಪ್ರತಿ ಸಲ ಸುಮಾರು ನಾಲ್ಕು ಗಂಟೆ ಯಂತ್ರದ ಪಕ್ಕದಲ್ಲಿ ಮಲಗಿರುವ ಮನುಷ್ಯನ ಬದುಕನ್ನು ಊಹಿಸಿ. ಸಂಪಾದನೆ ಕಡಿಮೆಯಾಗಿದೆ, ಕುಡಿಯುವ ನೀರಿಗೂ ಅಳತೆ ಬಂದಿದೆ, ಸಾಲದ ಚಿಂತೆ ಇದೆ. ಇಂಥವರಲ್ಲಿ ಖಿನ್ನತೆ ಸಾಮಾನ್ಯ.

ಇವುಗಳ ಜೊತೆಗೆ ಔಷಧಗಳದೂ ಒಂದು ಪಾಲಿದೆ. ಕೆಲವು ಹಳೆಯ ಬೀಟಾ ಬ್ಲಾಕರ್ ಮಾತ್ರೆಗಳು, ಥಯಾಜೈಡ್ ಜಾತಿಯ ನೀರಿಳಿಸುವ ಮಾತ್ರೆಗಳು, ಸ್ಪೈರೊನೊಲ್ಯಾಕ್ಟೋನ್ ಮುಂತಾದವು ಈ ತೊಂದರೆಯನ್ನು ಹೆಚ್ಚಿಸಬಹುದು. ನಮ್ಮ ಉದಾಹರಣೆಯ ಗೃಹಸ್ಥರಿಗೆ ಯಾರೋ ಹೇಳಿದ್ದರಲ್ಲಿ ಸ್ವಲ್ಪ ಸತ್ಯವಿತ್ತು. ಆದರೆ ಎಲ್ಲ ಬಿ.ಪಿ. ಮಾತ್ರೆಗಳೂ ಒಂದೇ ಅಲ್ಲ. ಒಂದು ಒಗ್ಗದಿದ್ದರೆ ವೈದ್ಯರು ಇನ್ನೊಂದಕ್ಕೆ ಬದಲಾಯಿಸಬಲ್ಲರು. ಮಾತ್ರೆಯನ್ನು ತಾನಾಗಿ ನಿಲ್ಲಿಸಿದರೆ ಏರಿದ ರಕ್ತದೊತ್ತಡ ಉಳಿದಿರುವ ನೆಫ್ರಾನುಗಳನ್ನೂ ನುಂಗಿಬಿಡುತ್ತದೆ. ಪಾರ್ಶ್ವವಾಯುವಿನ ಅಪಾಯ ಬೇರೆ.

ಹೃದಯದ ಮುನ್ಸೂಚನೆ

ಇನ್ನೊಂದು ಮುಖ್ಯ ವಿಷಯ. ಜನನಾಂಗದ ರಕ್ತನಾಳಗಳ ಅಗಲ ಸುಮಾರು 1ರಿಂದ 2 ಮಿಲಿಮೀಟರ್. ಹೃದಯದ ನಾಳಗಳದ್ದು ಸುಮಾರು 3ರಿಂದ 4 ಮಿಲಿಮೀಟರ್. ಕೊಬ್ಬು ಕಟ್ಟಿಕೊಳ್ಳಲು ಶುರುವಾದಾಗ ಸಣ್ಣ ನಾಳ ಮೊದಲು ತೊಂದರೆ ಕೊಡುವುದು ಸಹಜ. ಆದ್ದರಿಂದ ಎದೆನೋವು ಬರುವುದಕ್ಕೆ ಮೊದಲೇ ನಿಮಿರು ದೌರ್ಬಲ್ಯ ಕಾಣಿಸಿಕೊಳ್ಳಬಹುದು. ಮೂತ್ರಪಿಂಡ ರೋಗಿಗಳಿಗೆ ಹೃದ್ರೋಗದ ಅಪಾಯ ಹೇಗೂ ಹೆಚ್ಚು. ಹೀಗಿರುವಾಗ ಈ ತೊಂದರೆಯನ್ನು ಮುಚ್ಚಿಡುವುದೆಂದರೆ ಹೃದಯ ಕಳುಹಿಸಿದ ಮುನ್ಸೂಚನೆಯನ್ನೇ ಮುಚ್ಚಿಟ್ಟಂತೆ.

ಚಿಕಿತ್ಸೆಯ ಕ್ರಮ

ರೋಗಿ ಬಾಯಿಬಿಟ್ಟು ಹೇಳಿದ ಕೂಡಲೇ ವೈದ್ಯರು ಒಂದು ಮಾತ್ರೆ ಬರೆದುಕೊಟ್ಟು ಕಳುಹಿಸುವುದಿಲ್ಲ. ತೊಂದರೆ ಯಾವಾಗ ಶುರುವಾಯಿತು, ಯಾವ ಔಷಧಗಳು ನಡೆಯುತ್ತಿವೆ, ಬೀಡಿ ಸಿಗರೇಟು ಮದ್ಯದ ಅಭ್ಯಾಸವಿದೆಯೇ, ನಿದ್ದೆ ಹೇಗಿದೆ, ಮನಸ್ಸು ಹೇಗಿದೆ ಎಂದು ಕೇಳುತ್ತಾರೆ. ರಕ್ತದೊತ್ತಡ, ಸಕ್ಕರೆ, ಹಿಮೋಗ್ಲೋಬಿನ್, ಕೊಬ್ಬಿನ ಅಂಶ, ಅಗತ್ಯವಿದ್ದರೆ ಹಾರ್ಮೋನುಗಳನ್ನು ಪರೀಕ್ಷಿಸುತ್ತಾರೆ. ಹೃದಯದ ಸ್ಥಿತಿಯನ್ನು ನೋಡುತ್ತಾರೆ.

ಮೊದಲ ಮೆಟ್ಟಿಲು ಬುಡವನ್ನು ಸರಿಪಡಿಸುವುದು. ಸಕ್ಕರೆ ಮತ್ತು ರಕ್ತದೊತ್ತಡ ಹತೋಟಿಗೆ ಬರಬೇಕು. ತಂಬಾಕು ನಿಲ್ಲಬೇಕು. ವೈದ್ಯರು ಒಪ್ಪಿದಷ್ಟು ನಡಿಗೆ, ವ್ಯಾಯಾಮ ಬೇಕು. ಡಯಾಲಿಸಿಸ್ ರೋಗಿಗೆ ಸಾಕಷ್ಟು ಡಯಾಲಿಸಿಸ್ ಸಿಗುತ್ತಿದೆಯೇ ಎಂದು ನೋಡಬೇಕು. ರಕ್ತಹೀನತೆಗೆ ಕಬ್ಬಿಣದ ಅಂಶ ಮತ್ತು ಎರಿಥ್ರೊಪೊಯೆಟಿನ್ ಚುಚ್ಚುಮದ್ದು ಕೊಟ್ಟಾಗ ಸುಸ್ತು ಕಡಿಮೆಯಾಗಿ ಕೆಲವರಿಗೆ ಈ ತೊಂದರೆಯಲ್ಲೂ ಗುಣ ಕಾಣುತ್ತದೆ. ಖಿನ್ನತೆಗೆ ಮನೋವೈದ್ಯರ ನೆರವು, ಗಂಡ ಹೆಂಡತಿ ಇಬ್ಬರನ್ನೂ ಕೂಡಿಸಿ ಮಾಡುವ ಆಪ್ತ ಸಲಹೆ, ಇವೂ ಚಿಕಿತ್ಸೆಯ ಭಾಗವೇ.

ಎರಡನೆಯ ಮೆಟ್ಟಿಲು ಮಾತ್ರೆ. ಇದರ ಹಿಂದೆ ಸ್ವಾರಸ್ಯವಾದ ಕಥೆಯಿದೆ. ಇಂಗ್ಲೆಂಡಿನ ಸ್ಯಾಂಡ್‌ವಿಚ್ ಎಂಬ ಊರಿನಲ್ಲಿದ್ದ ಫೈಜರ್ ಕಂಪನಿಯ ಪ್ರಯೋಗಾಲಯದಲ್ಲಿ ಹೃದಯದ ಎದೆನೋವಿಗೆಂದು ಸಿಲ್ಡೆನಾಫಿಲ್ ಎಂಬ ಔಷಧದ ಪ್ರಯೋಗ ನಡೆದಿತ್ತು. ಎದೆನೋವಿಗೆ ಅದು ಹೇಳಿಕೊಳ್ಳುವಷ್ಟು ಉಪಯೋಗವಾಗಲಿಲ್ಲ. ಪ್ರಯೋಗಕ್ಕೆ ಒಳಪಟ್ಟ ಪುರುಷರು ತಿಳಿಸಿದ ಬೇರೊಂದು ಪರಿಣಾಮವೇ ಅದರ ಮುಖ್ಯ ಉಪಯೋಗವಾಯಿತು. 1998ರ ಮಾರ್ಚ್ 27ರಂದು ಅಮೆರಿಕದಲ್ಲಿ ವಯಾಗ್ರ ಎಂಬ ಹೆಸರಿನಿಂದ ಅದಕ್ಕೆ ಅನುಮತಿ ಸಿಕ್ಕಿತು. ಆ ಪುರುಷರು ನಾಚಿಕೊಂಡು ಸುಮ್ಮನಿದ್ದಿದ್ದರೆ ಈ ಔಷಧ ಸಿಗುತ್ತಿರಲಿಲ್ಲವೇನೋ!

ನೈಟ್ರಿಕ್ ಆಕ್ಸೈಡಿನ ಸೂಚನೆಯನ್ನು ಜೀವಕೋಶದೊಳಗೆ ಸಾಗಿಸುವ ಒಂದು ವಸ್ತುವಿದೆ. ಅದನ್ನು ಒಡೆದುಹಾಕುವ ಕಿಣ್ವವೂ ಇದೆ. ಸಿಲ್ಡೆನಾಫಿಲ್ ಆ ಕಿಣ್ವವನ್ನು ತಡೆಯುತ್ತದೆ. ಮೂತ್ರಪಿಂಡ ರೋಗಿಗಳಲ್ಲೂ, ಡಯಾಲಿಸಿಸ್ ರೋಗಿಗಳಲ್ಲೂ ಇದು ಹಲವರಿಗೆ ಗುಣ ಕೊಟ್ಟಿದೆ. ಆದರೆ ಮೂತ್ರಪಿಂಡ ತೀವ್ರವಾಗಿ ಕೆಟ್ಟಾಗ ಔಷಧ ರಕ್ತದಲ್ಲಿ ಹೆಚ್ಚು ಪ್ರಮಾಣದಲ್ಲಿ ಉಳಿಯುತ್ತದೆ. ಆದ್ದರಿಂದ ಸಾಮಾನ್ಯವಾಗಿ 50 ಮಿಲಿಗ್ರಾಂನಿಂದ ಆರಂಭಿಸುವ ಔಷಧವನ್ನು ಇವರಿಗೆ 25 ಮಿಲಿಗ್ರಾಂನಿಂದ ಆರಂಭಿಸುತ್ತಾರೆ. ಡಯಾಲಿಸಿಸ್ ವೇಳೆ ರಕ್ತದೊತ್ತಡ ಇಳಿಯುವುದುಂಟು. ಆ ದಿನ ಮಾತ್ರೆ ಬೇಕೇ ಬೇಡವೇ ಎಂಬುದನ್ನು ವೈದ್ಯರೇ ಹೇಳಬೇಕು. ಇದೇ ಗುಂಪಿನ ವಾರ್ಡೆನಾಫಿಲ್ ಡಯಾಲಿಸಿಸ್ ರೋಗಿಗಳಿಗೆ ಸಲ್ಲದು.

ಇಲ್ಲಿ ಒಂದು ಪ್ರಾಣಾಪಾಯವಿದೆ, ದಯವಿಟ್ಟು ಗಮನಿಸಿ. ಎದೆನೋವು ಬಂದಾಗ ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಸಾರ್ಬಿಟ್ರೇಟಿನಂಥ ನೈಟ್ರೇಟ್ ಮಾತ್ರೆಗಳೂ ದೇಹದಲ್ಲಿ ನೈಟ್ರಿಕ್ ಆಕ್ಸೈಡಾಗಿಯೇ ಕೆಲಸ ಮಾಡುತ್ತವೆ. ಒಂದು ಮಾತ್ರೆ ತೂಬನ್ನು ತೆರೆಯುತ್ತದೆ, ಇನ್ನೊಂದು ಅದು ಮುಚ್ಚದಂತೆ ಹಿಡಿಯುತ್ತದೆ. ಎರಡೂ ಸೇರಿದರೆ ದೇಹದ ನಾಳಗಳೆಲ್ಲ ಹಿಗ್ಗಿ ರಕ್ತದೊತ್ತಡ ಒಮ್ಮೆಲೇ ಕುಸಿಯುತ್ತದೆ. ಆದ್ದರಿಂದ ನೈಟ್ರೇಟ್ ತೆಗೆದುಕೊಳ್ಳುವವರು ಸಿಲ್ಡೆನಾಫಿಲ್ ಗುಂಪಿನ ಮಾತ್ರೆಯನ್ನು ಮುಟ್ಟಬಾರದು. ಪ್ರಾಜೋಸಿನ್ ಮುಂತಾದ ಕೆಲವು ಬಿ.ಪಿ. ಔಷಧಗಳ ಜೊತೆಯಲ್ಲೂ ಎಚ್ಚರ ಬೇಕು. ಇದು ವೈದ್ಯರ ಚೀಟಿಯ ಮೇಲೆ ಮಾತ್ರ ಮಾರಬೇಕಾದ ಔಷಧವಾಗಿರುವುದು ಇದಕ್ಕಾಗಿಯೇ.

ಮಾತ್ರೆ ಒಗ್ಗದವರಿಗೆ ನಿರ್ವಾತದ ಉಪಕರಣವಿದೆ, ಚುಚ್ಚುಮದ್ದಿದೆ, ಕೊನೆಗೆ ಶಸ್ತ್ರಚಿಕಿತ್ಸೆಯೂ ಇದೆ. ಡಯಾಲಿಸಿಸ್ ರೋಗಿಗಳಿಗೆ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡುವುದರಿಂದ ಚುಚ್ಚುಮದ್ದಿನಲ್ಲಿ ರಕ್ತಸ್ರಾವದ ಭಯವಿರುತ್ತದೆ. ಪರೀಕ್ಷೆಯಲ್ಲಿ ಟೆಸ್ಟೊಸ್ಟೆರಾನ್ ನಿಜವಾಗಿ ಕಡಿಮೆಯೆಂದು ಕಂಡುಬಂದರೆ ಮಾತ್ರ ಅದನ್ನು ಕೊಡುತ್ತಾರೆ. ಹೊರಗಿನಿಂದ ಕೊಟ್ಟ ಈ ಹಾರ್ಮೋನು ವೀರ್ಯಾಣುಗಳ ಸಂಖ್ಯೆಯನ್ನು ತಗ್ಗಿಸುವುದರಿಂದ ಮಕ್ಕಳು ಬೇಕೆನ್ನುವವರು ಮೊದಲೇ ವೈದ್ಯರಿಗೆ ತಿಳಿಸಬೇಕು.

ಮೂತ್ರಪಿಂಡ ಕಸಿಯ ನಂತರ ಅನೇಕರಲ್ಲಿ ಹಾರ್ಮೋನುಗಳು ಸುಧಾರಿಸಿ, ರಕ್ತ ವೃದ್ಧಿಯಾಗಿ, ಈ ತೊಂದರೆಯೂ ಕಡಿಮೆಯಾಗುತ್ತದೆ. 1954ರಲ್ಲಿ ಅಮೆರಿಕದ ಬೋಸ್ಟನ್ ನಗರದಲ್ಲಿ ಮೊದಲ ಯಶಸ್ವಿ ಕಸಿಯನ್ನು ಜೋಸೆಫ್ ಮರ್ರೆ ಮತ್ತು ಅವರ ಸಂಗಡಿಗರು ಮಾಡಿದರು. ಭಾರತದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1971ರಲ್ಲಿ ಇದು ಯಶಸ್ವಿಯಾಯಿತು. ಆದರೆ ನಾಳಗಳು ಮೊದಲೇ ಪೆಡಸಾಗಿದ್ದರೆ ಕಸಿಯಾದರೂ ತೊಂದರೆ ಉಳಿಯಬಹುದು ಎಂಬುದನ್ನು ಮರೆಯಬಾರದು.

ಗೋಡೆಬರಹದ ಔಷಧಗಳು

"ಗುಪ್ತ ರೋಗಗಳಿಗೆ ಖಚಿತ ಚಿಕಿತ್ಸೆ" ಎಂಬ ಬರಹವನ್ನು ರೈಲಿನ ಕಿಟಕಿಯಿಂದ ನೀವು ಕಂಡಿರುತ್ತೀರಿ. ಈಗ ಅದೇ ಮಾತು ಮೊಬೈಲಿಗೂ ಬರುತ್ತದೆ. 1954ರಲ್ಲೇ ಕೇಂದ್ರ ಸರ್ಕಾರ ಇಂಥ ಆಕ್ಷೇಪಾರ್ಹ ಔಷಧ ಜಾಹೀರಾತುಗಳ ವಿರುದ್ಧ ಕಾಯ್ದೆ ತಂದಿತು. ಗುಣಪಡಿಸುತ್ತೇವೆಂದು ಜಾಹೀರಾತು ಮಾಡಬಾರದ ಕಾಯಿಲೆಗಳ ಪಟ್ಟಿ ಅದರಲ್ಲಿದೆ. ಆ ಪಟ್ಟಿಯಲ್ಲಿ ಪುರುಷರ ಲೈಂಗಿಕ ದೌರ್ಬಲ್ಯವೂ ಇದೆ, ಬ್ರೈಟನ ಕಾಯಿಲೆಯೂ ಇದೆ. ಲಂಡನ್ನಿನ ವೈದ್ಯ ರಿಚರ್ಡ್ ಬ್ರೈಟ್ 1827ರಲ್ಲಿ ವಿವರಿಸಿದ ಮೂತ್ರಪಿಂಡದ ರೋಗಕ್ಕೆ ಇದ್ದ ಹಳೆಯ ಹೆಸರು ಅದು. ನಮ್ಮ ಇಂದಿನ ಎರಡೂ ವಿಷಯಗಳು ಒಂದೇ ಪಟ್ಟಿಯಲ್ಲಿ!

ಹೆಸರಿಲ್ಲದ ಪುಡಿಗಳಲ್ಲಿ ಸೀಸ, ಪಾದರಸ ಇದ್ದರೆ ಅವು ನೇರವಾಗಿ ಮೂತ್ರಪಿಂಡವನ್ನೇ ಕೆಡಿಸುತ್ತವೆ. ಕೆಲವರು ಪುಡಿಯಲ್ಲಿ ಗುಟ್ಟಾಗಿ ಸಿಲ್ಡೆನಾಫಿಲನ್ನೇ ಬೆರೆಸುವುದೂ ಉಂಟು. ಎದೆನೋವಿನ ಮಾತ್ರೆ ನುಂಗುವವರಿಗೆ ಅದೇ ವಿಷವಾಗುತ್ತದೆ.

ಮನೆಯ ಉಪಚಾರದಲ್ಲೂ ಎಚ್ಚರ ಬೇಕು. ಶಕ್ತಿ ಬರಲೆಂದು ಖರ್ಜೂರ, ಬಾಳೆಹಣ್ಣು, ಎಳನೀರು ಕೊಡುವುದು ನಮ್ಮಲ್ಲಿ ವಾಡಿಕೆ. ಆರೋಗ್ಯವಂತರಿಗೆ ಇವು ಒಳ್ಳೆಯವೇ. ಆದರೆ ಇವುಗಳಲ್ಲಿ ಪೊಟ್ಯಾಸಿಯಂ ಹೆಚ್ಚು. ಮೂತ್ರಪಿಂಡ ಸೋತವರ ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ನಿಂತುಹೋಗಬಹುದು.

ಮಾತು ಮಾಡುವ ಗಾಯ

1992ರ ಡಿಸೆಂಬರಿನಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ತಜ್ಞರ ಸಭೆಯೊಂದನ್ನು ಕರೆದವು. ಮನುಷ್ಯನನ್ನೇ ಶಕ್ತಿಹೀನ ಎಂದು ಕರೆಯುವ ಹಳೆಯ ಪದವನ್ನು ಬಿಟ್ಟು, ತೊಂದರೆಯನ್ನಷ್ಟೇ ಸೂಚಿಸುವ ಪದವನ್ನು ಬಳಸಬೇಕೆಂದು ಆ ಸಭೆ ಸಲಹೆ ಮಾಡಿತು. ನಮ್ಮ ಭಾಷೆಯಲ್ಲೂ ಇದಕ್ಕೆ ಬಳಸುವ ಹಳೆಯ ಪದಗಳು ಬೈಗುಳಗಳಾಗಿವೆ. ಕಾಲೇಜಿನ ಕಾರಿಡಾರಿನಲ್ಲಿ, ಆಟದ ಮೈದಾನದಲ್ಲಿ ಅವು ತಮಾಷೆಯಾಗಿ ಹರಿದಾಡುತ್ತವೆ. ಸಕ್ಕರೆ ಕಾಯಿಲೆ ಬಂದವರನ್ನು ನಾವು ಬೈಯುವುದಿಲ್ಲ. ಅದೇ ಕಾಯಿಲೆಯ ಇನ್ನೊಂದು ಪರಿಣಾಮಕ್ಕೆ ಮಾತ್ರ ಬೈಗುಳವೇಕೆ? ಇಂಥ ಮಾತುಗಳನ್ನು ಕೇಳುತ್ತಾ ಬೆಳೆದ ಹುಡುಗನೇ ನಲವತ್ತೈದನೆಯ ವಯಸ್ಸಿನಲ್ಲಿ ವೈದ್ಯರ ಮುಂದೆ ಬಾಯಿ ಕಟ್ಟಿಕೊಂಡು ಕೂರುತ್ತಾನೆ.

ಇಂಥ ವಿಷಯವನ್ನು ಘನತೆಯಿಂದ ಹೇಳುವ ದಾರಿ ಕನ್ನಡದಲ್ಲಿ ಇಲ್ಲದಿಲ್ಲ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಡಾ. ಅನುಪಮಾ ನಿರಂಜನ ಅವರು 'ದಾಂಪತ್ಯ ದೀಪಿಕೆ' ಎಂಬ ಪುಸ್ತಕವನ್ನು ಬರೆದು, ಮನೆಮಂದಿ ಮಾತಾಡಲು ಹಿಂಜರಿಯುತ್ತಿದ್ದ ಸಂಗತಿಗಳನ್ನು ತಿಳಿಸಿಕೊಟ್ಟಿದ್ದರು.

ನೀವು ಮಾಡಬಹುದಾದದ್ದು

ಮೊದಲನೆಯದಾಗಿ, ಬೀಡಿ, ಸಿಗರೇಟು, ಗುಟ್ಕಾಗಳಿಂದ ದೂರವಿರಿ. ನಾಳಗಳ ಹಾನಿ ಶುರುವಾಗುವುದು ನಿಮ್ಮ ವಯಸ್ಸಿನಲ್ಲೇ. ಮನೆಯಲ್ಲಿ ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇರುವವರಿಗೆ ವರ್ಷಕ್ಕೊಮ್ಮೆ ರಕ್ತದ ಕ್ರಿಯೇಟಿನಿನ್ ಮತ್ತು ಮೂತ್ರದ ಪ್ರೋಟೀನ್ ಪರೀಕ್ಷೆ ಮಾಡಿಸಿ. ಡಯಾಲಿಸಿಸ್ ಬೇಕಾದ ಬಡ ರೋಗಿಗಳಿಗೆ 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದ ಕೆಳಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ನೆರವಿದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರ್ಕಾರದ ನೆಫ್ರೋ ಯುರಾಲಜಿ ಸಂಸ್ಥೆಯೂ ಇದೆ.

ಎರಡನೆಯದು ಚಿಕ್ಕ ಕೆಲಸ, ಆದರೆ ಬಹಳ ದೊಡ್ಡದು. ಅಪ್ಪನನ್ನೋ ದೊಡ್ಡಪ್ಪನನ್ನೋ ಸೋದರಮಾವನನ್ನೋ ಮೂತ್ರಪಿಂಡದ ವೈದ್ಯರ ಬಳಿ ಕರೆದುಕೊಂಡು ಹೋಗುವವರು ಈಗ ನೀವೇ ಆಗಿರುತ್ತೀರಿ. ಚೀಟಿ, ವರದಿಗಳ ಕಡತ ಹಿಡಿದು ಒಳಗೆ ಕೂರುವವರೂ ನೀವೇ. ಮಗನ ಎದುರು, ಮಗಳ ಎದುರು ಅವರು ಈ ವಿಷಯ ಹೇಗೆ ಎತ್ತಿಯಾರು? ನೀವು ಕೇಳುವುದೂ ಬೇಡ, ಅವರು ನಿಮಗೆ ಹೇಳುವುದೂ ಬೇಡ. ಮಾತೆಲ್ಲ ಮುಗಿದ ಮೇಲೆ, "ಡಾಕ್ಟರೇ, ನಾನು ಹೊರಗಿರ್ತೀನಿ, ಅಪ್ಪಾಜಿ ನಿಮ್ಮ ಹತ್ರ ಏನಾದರೂ ಮಾತಾಡೋದಿದ್ರೆ ಮಾತಾಡಲಿ" ಎಂದು ಹೇಳಿ ಎದ್ದು ಬನ್ನಿ. ಬಾಗಿಲನ್ನು ಮೆಲ್ಲಗೆ ಎಳೆದುಕೊಳ್ಳಿ.

ನಮ್ಮ ಉದಾಹರಣೆಯ ಗೃಹಸ್ಥರಿಗೂ ಆ ಐದು ನಿಮಿಷ ಸಿಕ್ಕಿದ್ದರೆ ವೈದ್ಯರು ಒಂದು ಮಾತ್ರೆ ಬದಲಾಯಿಸುತ್ತಿದ್ದರು, ರಕ್ತ ಪರೀಕ್ಷೆ ಮಾಡಿಸುತ್ತಿದ್ದರು, ಹೃದಯ ಪರೀಕ್ಷಿಸಿ ಸರಿಯಾದ ಔಷಧ ಬರೆಯುತ್ತಿದ್ದರು. ಆ ಪುಡಿಯ ಪೊಟ್ಟಣ ಅವರ ಮನೆಗೆ ಬರುತ್ತಿರಲಿಲ್ಲ. ಅವರ ಮೂತ್ರಪಿಂಡಗಳು ಇನ್ನೂ ಕೆಲವು ವರ್ಷ ದುಡಿಯುತ್ತಿದ್ದವು.